ಬೆಕ್ಕಿನ ಬಿಡಾರವೂ ಮರಳಿನ ತೊಟ್ಟಿಯೂ

ಅಡಿಕೆ, ಭತ್ತ, ತೆಂಗಿನಕಾಯಿ ಕೂಡಿಟ್ಟ ಮನೆಗೆ ಇಲಿ ಬರುವುದು ಸಹಜ. ಇಲಿ ಬಂದಲ್ಲಿಗೆ ಬೆಕ್ಕು ಬರುವುದೂ ಸಹಜ. ಆದುದರಿಂದ ಬೆಕ್ಕು ಸಾಕುವುದು ನಮ್ಮ ಕಾಸರಗೋಡಿನ ಕಡೆಯ ಮನೆಗಳಿಗೆ ಹೊಸತೇನಲ್ಲ. ಆದರೆ ಆ ಬೆಕ್ಕಿನ ಮಲಮೂತ್ರದ ಚಿಂತೆಯನ್ನು ನಮ್ಮ ಹಿರಿಯರು ಎಂದೂ ಮಾಡಿದವರಲ್ಲ. ತೋಟದಲ್ಲಿ ಮೆದು ಮಣ್ಣಿತ್ತು. ಅಂಗಳದ ಬದಿಯಲ್ಲಿ ಹೊಯಿಗೆಯ ರಾಶಿಯಿತ್ತು. ಆಟಿಯ ಮಳೆಯಲ್ಲಿ ಹೊರಗೆ ಕಾಲಿಡಲಾಗದಿದ್ದರೆ ಬಚ್ಚಲೊಲೆಯ ಬೂದಿಯಾದರೂ ಇತ್ತು. ಬೆಕ್ಕು ತನ್ನ ಕೆಲಸ ತೀರಿಸಿ, ಕೆದರಿ ಮುಚ್ಚಿ, ಏನೂ ಆಗದಂತೆ ಬಂದು ಜಗಲಿಯ ಮೇಲೆ ಮಲಗುತ್ತಿತ್ತು. ಇಂದು ಅದೇ ಮನೆತನಗಳ ಮಕ್ಕಳು ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಮೂರು ನಾಲ್ಕನೆಯ ಮಾಳಿಗೆಯ ಫ್ಲ್ಯಾಟುಗಳಲ್ಲಿ ನೆಲೆಸಿದ್ದಾರೆ. ಬೆಕ್ಕನ್ನು ಬಿಟ್ಟಿಲ್ಲ, ಮಣ್ಣನ್ನು ಬಿಟ್ಟಿದ್ದಾರೆ. ಆ ಮಣ್ಣಿನ ಬದಲಿಗೆ ಮನೆಯೊಳಗೊಂದು ಮರಳಿನ ತೊಟ್ಟಿ, ಅಂಗಡಿಯವರ ಮಾತಿನಲ್ಲಿ ‘ಲಿಟರ್ ಬಾಕ್ಸ್’, ಬಂದು ಕುಳಿತಿದೆ. ಬೆಕ್ಕು ಒಂದೇ ಇದ್ದಲ್ಲಿ ಹೇಗೋ ಸಾಗುತ್ತದೆ. ಒಂದು ಮೂರಾದಲ್ಲಿ ತಕರಾರು ಪ್ರಾರಂಭವಾಗುತ್ತದೆ.

ಈ ತಿಂಗಳ ಅಂಚೆಯಲ್ಲಿ ಬಂದ ಪತ್ರವೊಂದು ಇಂಥದ್ದೇ. ಬರೆದ ಸೋದರಿಯ ಮನೆಯಲ್ಲಿ ಬೆಕ್ಕುಗಳು ಮೂರು: ಹನ್ನೊಂದು ವರ್ಷದ ಹೆಣ್ಣು ಬೆಕ್ಕೊಂದು, ಕಳೆದ ಮಳೆಗಾಲದಲ್ಲಿ ಮರಿಗಳಾಗಿ ಬಂದ ಗಂಡೊಂದು, ಹೆಣ್ಣೊಂದು. ಎರಡು ತಿಂಗಳಿಂದ ಹಾಸಿಗೆಯ ಮೇಲೆ, ಒಗೆದಿಟ್ಟ ಬಟ್ಟೆಯ ರಾಶಿಯ ಮೇಲೆ, ಸ್ನಾನದ ಮನೆಯ ಬಾಗಿಲಲ್ಲಿ ಯಾವುದೋ ಒಂದು ಮೂತ್ರ ಮಾಡುತ್ತಿದೆ. ತೊಟ್ಟಿ ಇರುವುದು ಒಂದು. ಅದೂ ಅಡುಗೆಮನೆ ದಾಟಿ ಹಿಂದಿನ ಬಾಲ್ಕನಿಯ ಮೂಲೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. ದಿನವೂ ಫಿನಾಯಿಲ್ ಹಾಕಿ ತೊಳೆಯುತ್ತಾರಂತೆ. ಮನೆಯ ಹಿರಿಯರ ತೀರ್ಪು ಆಗಲೇ ಆಗಿಹೋಗಿದೆ: ಮರಿಗಳು ಬಂದ ಹೊಟ್ಟೆಕಿಚ್ಚಿಗೆ ಮುದಿ ಬೆಕ್ಕು ಹಗೆ ಸಾಧಿಸುತ್ತಿದೆ, ಸೊಸೆ ಬಸುರಿ, ಮನೆಯಲ್ಲಿ ಈ ಹೊಲಸು ಸಲ್ಲದು, ಬರುವ ಭಾನುವಾರ ಅದನ್ನು ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಮೀನು ಮಾರ್ಕೆಟಿನ ಬಳಿ ಬಿಟ್ಟುಬರುವುದು. ‘ಅದಕ್ಕಿಂತ ಮೊದಲು ಬೇರೆ ದಾರಿಯುಂಟೆ?’ ಎಂದು ಆಕೆ ಕೇಳಿದ್ದಾರೆ.

ಮೊದಲು ಆ ಭಾನುವಾರದ ಮಾತು. ಗೋಣಿಯ ಪದ್ಧತಿ ನಮ್ಮಲ್ಲಿ ಹಳೆಯದು. ಮೀನಿದ್ದಲ್ಲಿ ಬೆಕ್ಕು ಹೇಗೂ ಬದುಕೀತು ಎಂಬ ಸಮಾಧಾನವೂ ಅಷ್ಟೇ ಹಳೆಯದು. ಹನ್ನೊಂದು ವರ್ಷ ಕೂತಲ್ಲಿಗೆ ಅನ್ನ ಬಂದ ಪ್ರಾಣಿ, ಬೀದಿಯ ಬೆಕ್ಕುಗಳು ಪಾಲು ಹಂಚಿಕೊಂಡಿರುವ ಮಾರ್ಕೆಟಿನಲ್ಲಿ ಬದುಕುವುದಿಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಅದೆಲ್ಲ ಹಾಗಿರಲಿ, ಈ ಪತ್ರವನ್ನು ಎರಡು ಸಲ ಓದಿದ ಮೇಲೆ, ಮುದಿ ಬೆಕ್ಕನ್ನು ಹೊಳೆ ದಾಟಿಸಿದರೂ ಹಾಸಿಗೆ ಒದ್ದೆಯಾಗುವುದು ನಿಲ್ಲುವ ಭರವಸೆ ನನಗಿಲ್ಲ. ತಪ್ಪು ಅದರದೇ ಎಂದು ಕಂಡವರು ಯಾರು?

ಮೂರರಲ್ಲಿ ಯಾವುದು ಎಂದು ತಿಳಿಯುವ ಉಪಾಯವೊಂದು ಪಶುವೈದ್ಯರಲ್ಲಿದೆ. ಕಣ್ಣಿನ ಪರೀಕ್ಷೆಗೆ ಬಳಸುವ ಫ್ಲೂರೆಸೀನ್ ಎಂಬ ಬಣ್ಣದ್ರವ್ಯವನ್ನು ಒಂದು ಬೆಕ್ಕಿಗೆ ಮಾತ್ರ ಕೊಟ್ಟರೆ, ಆ ಒಂದು ದಿನದ ಮಟ್ಟಿಗೆ ಅದರ ಮೂತ್ರದ ಕಲೆಯು ನೇರಳಾತೀತ ದೀಪದ ಬೆಳಕಿನಲ್ಲಿ ಹಸಿರು ಹಳದಿಯಾಗಿ ಹೊಳೆಯುತ್ತದೆ. ಅಷ್ಟು ದೂರ ಹೋಗುವ ಅನುಕೂಲವಿಲ್ಲದವರು ಒಂದೊಂದು ಬೆಕ್ಕನ್ನು ಎರಡು ಮೂರು ದಿನ ಬೇರೆ ಕೋಣೆಯಲ್ಲಿ, ಅದರದೇ ತೊಟ್ಟಿಯೊಡನೆ ಇರಿಸಿ ನೋಡಬಹುದು. ಮನೆಯ ತೀರ್ಪಿಗಿಂತ ಈ ಸಾಕ್ಷಿ ಮೇಲು.

ಇನ್ನು ಹಗೆಯ ವಿಚಾರ. ಬೆಕ್ಕಿನ ಮೂಲ ಪಶ್ಚಿಮ ಏಷ್ಯಾದ ಒಣಭೂಮಿಯ ಕಾಡುಬೆಕ್ಕು. ಅಲ್ಪ ನೀರಿನಲ್ಲಿ ಬದುಕುವ ಶರೀರ ಅದರದು; ಆದುದರಿಂದಲೇ ಮೂತ್ರ ಅಷ್ಟು ಗಾಢ, ಅಷ್ಟು ವಾಸನೆ. ಸಡಿಲವಾದ ನೆಲವನ್ನು ಕೆದರಿ ಮುಚ್ಚುವುದನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಅಂಥ ಪ್ರಾಣಿ ಮರಳನ್ನು ಬಿಟ್ಟು ಹತ್ತಿಯ ಹಾಸಿಗೆಗೆ ಬಂದಿತೆಂದರೆ, ಒಂದೋ ಅದಕ್ಕೆ ಕಾಯಿಲೆ, ಅಥವಾ ಆ ತೊಟ್ಟಿ ಅದಕ್ಕೆ ಒಗ್ಗದು, ಇಲ್ಲವೆ ತೊಟ್ಟಿಯ ದಾರಿಯಲ್ಲಿ ಯಾರೋ ಇದ್ದಾರೆ. ಮೂತಿಯನ್ನು ಕಲೆಗೆ ಒತ್ತಿ ಹೊಡೆಯುವವರಿದ್ದಾರೆ. ಅದರಿಂದ ಬೆಕ್ಕು ಕಲಿಯುವ ಪಾಠ ಒಂದೇ: ನಿಮ್ಮ ಕಣ್ಣಿಗೆ ಬೀಳದಂತೆ, ಮಂಚದ ಅಡಿಯಲ್ಲಿ ಮಾಡಬೇಕೆಂಬುದು.

ಕಾಯಿಲೆಯ ಮಾತನ್ನು ಎಲ್ಲಕ್ಕಿಂತ ಮೊದಲು ಇತ್ಯರ್ಥಮಾಡತಕ್ಕದ್ದು. ಮುದಿ ಬೆಕ್ಕಿನ ಮೂತ್ರಪಿಂಡ ಸೋತಾಗ, ಸಕ್ಕರೆ ಕಾಯಿಲೆ ಬಂದಾಗ ಮೂತ್ರದ ಪ್ರಮಾಣ ಹೆಚ್ಚುತ್ತದೆ. ಸಂಧಿ ಹಿಡಿದ ಬೆಕ್ಕಿಗೆ ಎತ್ತರದ ಅಂಚಿನ ತೊಟ್ಟಿಯನ್ನು ಹತ್ತುವುದೇ ಕಷ್ಟ. ಅದಕ್ಕೆ ಒಂದು ಬದಿಯ ಅಂಚನ್ನು ತಗ್ಗಿಸಿ ಕತ್ತರಿಸಿಕೊಟ್ಟರೆ ಸಾಕಾಗುವುದುಂಟು. ಎಳೆಯ ಬೆಕ್ಕುಗಳಲ್ಲಿ, ಸೋಂಕೇನೂ ಇಲ್ಲದೆ ಕೇವಲ ಮನಸ್ಸಿನ ಉದ್ವೇಗದಿಂದ ಹೆಚ್ಚುವ ಮೂತ್ರಕೋಶದ ಉರಿಯೂತ ಸಾಮಾನ್ಯ. ಮೂತ್ರ ಮಾಡುವಾಗ ನೋವಾದರೆ ಬೆಕ್ಕು ಆ ನೋವನ್ನು ತೊಟ್ಟಿಗೇ ಗಂಟುಹಾಕಿ, ಮೆತ್ತನೆಯ ಬೇರೆ ಜಾಗ ಹುಡುಕುತ್ತದೆ. ಇವೆಲ್ಲ ಒಂದೆರಡು ದಿನ ಕಾಯಬಹುದಾದ ಕಾಯಿಲೆಗಳು. ಕಾಯಲಾಗದುದು ಒಂದಿದೆ. ಗಂಡು ಬೆಕ್ಕಿನ ಮೂತ್ರದ ದಾರಿ ಬಹಳ ಕಿರಿದು. ಅದು ಕಟ್ಟಿಕೊಂಡರೆ ಬೆಕ್ಕು ಪದೇ ಪದೇ ತೊಟ್ಟಿಗೆ ಹೋಗಿ ಮುಕ್ಕಿರಿಯುತ್ತದೆ, ಹನಿಯೂ ಬೀಳುವುದಿಲ್ಲ. ಕೂಗುತ್ತದೆ, ಆ ಭಾಗವನ್ನು ನೆಕ್ಕುತ್ತಲೇ ಇರುತ್ತದೆ, ಅನ್ನ ಬಿಡುತ್ತದೆ. ಮಲಬದ್ಧತೆ ಎಂದು ಹರಳೆಣ್ಣೆ ಕುಡಿಸುತ್ತ ಕುಳಿತರೆ ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ರಾತ್ರಿಯಾದರೂ ಸರಿ, ಪಶುವೈದ್ಯರ ಬಾಗಿಲು ತಟ್ಟಬೇಕು.

ಮೂವರೂ ಆರೋಗ್ಯವಾಗಿದ್ದಾರೆಂದು ವೈದ್ಯರು ಹೇಳಿದರೆ, ಆಮೇಲೆ ತೊಟ್ಟಿಯತ್ತ ತಿರುಗೋಣ.

ಪತ್ರದ ಕೊನೆಯಲ್ಲಿ ಆ ಸೋದರಿ ಮುದ್ದಿನ ಮಾತಾಗಿ ಬರೆದ ಒಂದು ಸಾಲಿದೆ: ಗಂಡು ಬೆಕ್ಕು ಈಗೀಗ ಅಡುಗೆಮನೆಯ ಹಿಂಬಾಗಿಲಲ್ಲೇ ‘ಕಾವಲುಗಾರನಂತೆ’ ಮಲಗಿರುತ್ತದಂತೆ. ನನಗೆ ಇಡೀ ಪತ್ರದ ಬೀಗದ ಕೈ ಕಂಡದ್ದು ಅಲ್ಲಿ. ತೊಟ್ಟಿಗೆ ಇರುವುದು ಅದೊಂದೇ ದಾರಿ; ದಾರಿಯಲ್ಲಿ ಎಳೆಯ ಪ್ರಾಯದ ಗಂಡು. ಬೆಕ್ಕುಗಳ ಜಗಳವೆಂದರೆ ನಾವು ಕೂಗಾಟ, ಪರಚಾಟ ಎಂದುಕೊಳ್ಳುತ್ತೇವೆ. ಅವುಗಳ ಜಗಳದಲ್ಲಿ ಹೆಚ್ಚಿನದು ಮೌನವಾದುದು: ದಾರಿಗೆ ಅಡ್ಡ ಕೂರುವುದು, ನೆಟ್ಟ ನೋಟ, ಅಷ್ಟೇ. ಆ ನೋಟಕ್ಕೆ ಹೆದರಿದ ಬೆಕ್ಕು ತಡೆಯುವಷ್ಟು ತಡೆದು, ಕೊನೆಗೆ ಹಾಸಿಗೆಗೋ ಬಾಗಿಲ ಮುಂದಕ್ಕೋ ಬರುತ್ತದೆ. ಹೀಗಿದ್ದಲ್ಲಿ ಒದ್ದೆ ಮಾಡಿದುದು ಮುದಿ ಬೆಕ್ಕೇ ಆಗಿದ್ದರೂ ಅದನ್ನು ಅಪರಾಧಿ ಎನ್ನುವುದು ಹೇಗೆ?

‘ಬೆಕ್ಕಿನ ಬಿಡಾರ ಬೇರೆ’ ಎಂದು ನಮ್ಮ ಹಿರಿಯರು ಬೇರೆ ಅರ್ಥದಲ್ಲಿ ಆಡಿದ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಮನೆಯಲ್ಲಿ ಬೆಕ್ಕುಗಳೆಷ್ಟೋ ಅಷ್ಟು ತೊಟ್ಟಿ, ಅದರ ಮೇಲೊಂದು: ಪಶುವೈದ್ಯರು ಹೇಳುವ ಲೆಕ್ಕ ಇದು. ಮೂರು ಬೆಕ್ಕಿಗೆ ನಾಲ್ಕು. ಚಿಕ್ಕ ಫ್ಲ್ಯಾಟಿನಲ್ಲಿ ನಾಲ್ಕು ತೊಟ್ಟಿಗಳೆಂದರೆ ಮನೆಯವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಬಂದೀತು, ನ್ಯಾಯವಾದ ಪ್ರಶ್ನೆಯೇ. ಆದರೆ ಸಂಖ್ಯೆಗಿಂತಲೂ ಮುಖ್ಯವಾದುದು ಅವುಗಳ ಅಂತರ. ನಾಲ್ಕನ್ನೂ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ತೊಟ್ಟಿ. ಒಬ್ಬ ಕಾವಲುಗಾರ ಎಲ್ಲವನ್ನೂ ಕಾಯಬಲ್ಲ. ಮಲಗುವ ಕೋಣೆಯ ಮೂಲೆಯಲ್ಲೊಂದು, ಹಜಾರದಲ್ಲೊಂದು, ಬಾಲ್ಕನಿಯಲ್ಲೊಂದು, ಹೀಗೆ ಒಂದರಿಂದ ಇನ್ನೊಂದು ಕಾಣದಂತೆ ಮೂರಿಟ್ಟರೂ ಒಟ್ಟಾಗಿಟ್ಟ ಐದಕ್ಕಿಂತ ಲೇಸು. ಬೆಕ್ಕು ಕುಳಿತಲ್ಲಿಂದ ಎರಡು ಕಡೆಗೆ ಓಡಲು ದಾರಿ ಕಾಣಬೇಕು. ಮುಚ್ಚಳವಿರುವ ತೊಟ್ಟಿ ನಮ್ಮ ಕಣ್ಣಿಗೆ ಮರ್ಯಾದೆಯದು. ಹೆದರಿದ ಬೆಕ್ಕಿಗೆ ಅದು ಬೋನು. ಗಡಗಡಿಸುವ ಯಂತ್ರದ ಪಕ್ಕವೂ ಬೇಡ, ಊಟದ ತಟ್ಟೆಯ ಪಕ್ಕವೂ ಬೇಡ.

ತೊಟ್ಟಿಯ ಗಾತ್ರದಲ್ಲಿ ಜಿಪುಣತನ ಸಲ್ಲದು. ಮೂಗಿನಿಂದ ಬಾಲದ ಬುಡದವರೆಗಿನ ಬೆಕ್ಕಿನ ಉದ್ದದ ಒಂದೂವರೆ ಪಾಲು ಇರಬೇಕು. ಬೆಕ್ಕಿನದೆಂದು ಮಾರುವ ತೊಟ್ಟಿಗಳಲ್ಲಿ ಹೆಚ್ಚಿನವು ಇದಕ್ಕಿಂತ ಚಿಕ್ಕವು. ಪಾತ್ರೆಯಂಗಡಿಯ ಅಗಲವಾದ ಪ್ಲಾಸ್ಟಿಕ್ ಟಬ್ಬು ಅಗ್ಗವೂ ಹೌದು, ಉತ್ತಮವೂ ಹೌದು.

ಅದರೊಳಗೆ ಹಾಕುವುದೇನು? ಇದರ ಹಿಂದೊಂದು ಕತೆಯಿದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1947ರ ಚಳಿಗಾಲದವರೆಗೆ ಅಲ್ಲಿನವರೂ ನಮ್ಮಂತೆಯೇ ಬೂದಿ, ಮರಳುಗಳನ್ನು ಬಳಸುತ್ತಿದ್ದರು. ಬೂದಿ ತುಳಿದ ಬೆಕ್ಕು ಮನೆಯೆಲ್ಲ ಕರಿ ಹೆಜ್ಜೆ ಮೂಡಿಸುತ್ತದೆಂದು ಬೇಸತ್ತ ನೆರೆಮನೆಯಾಕೆ ಎಡ್ವರ್ಡ್ ಲೋ ಎಂಬವರ ಬಳಿ ಮರಳು ಕೇಳಲು ಬಂದರು. ಅವರು ಕೊಟ್ಟುದು, ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಲು ಮಾರುತ್ತಿದ್ದ ಜೇಡಿಯ ಹರಳು. ಅಲ್ಲಿಂದ ಒಂದು ವ್ಯಾಪಾರವೇ ಬೆಳೆಯಿತು. ಒದ್ದೆಯಾದಲ್ಲಿ ಗಟ್ಟಿ ಉಂಡೆಯಾಗುವ ಬೆಂಟೊನೈಟ್ ಜೇಡಿ 1980ರ ದಶಕದಲ್ಲಿ ಬಂತು. ಈ ಮಣ್ಣು ನಮ್ಮ ದೇಶದಲ್ಲಿ ಕಚ್ಛ್ ಮತ್ತು ಬಾಡಮೇರ್ ಕಡೆ ಹೇರಳವಾಗಿ ದೊರೆಯುತ್ತದೆ. ನುಣ್ಣನೆಯ ಕಣದ, ವಾಸನೆ ಸೇರಿಸದ ಮರಳು ಹೆಚ್ಚಿನ ಬೆಕ್ಕುಗಳಿಗೆ ಇಷ್ಟ. ಮಲ್ಲಿಗೆಯ, ನಿಂಬೆಯ ಪರಿಮಳ ಸೇರಿಸಿದ್ದು ಕೊಳ್ಳುವವರ ಮೂಗಿಗಾಗಿ, ಬೆಕ್ಕಿಗಾಗಿಯಲ್ಲ. ಖರ್ಚು ಹೆಚ್ಚೆನಿಸಿದವರು ಜರಡಿ ಹಿಡಿದ ಒಣ ಹೊಯಿಗೆಯನ್ನೇ ಬಳಸಿ, ಬೇಗ ಬೇಗ ಬದಲಾಯಿಸಬಹುದು. ಎರಡು ಮೂರು ಅಂಗುಲದ ದಪ್ಪ ಸಾಕು. ಯಾವುದು ಮೆಚ್ಚುಗೆ ಎಂದು ತಿಳಿಯಬೇಕಾದರೆ ಎರಡು ಬಗೆಯನ್ನು ಎರಡು ತೊಟ್ಟಿಗಳಲ್ಲಿ ಇಟ್ಟು ನೋಡಿ. ಬೆಕ್ಕು ತಾನಾಗಿ ಹೇಳುತ್ತದೆ. ಮಲವನ್ನೂ ಉಂಡೆಗಳನ್ನೂ ದಿನಕ್ಕೆ ಒಮ್ಮೆಯಾದರೂ, ಮೂರು ಬೆಕ್ಕಿದ್ದಲ್ಲಿ ಎರಡು ಬಾರಿ, ತೆಗೆಯಬೇಕು. ಜೇಡಿಯನ್ನು ಕಕ್ಕಸಿಗೆ ಸುರಿದರೆ ಕೊಳವೆ ಕಟ್ಟುತ್ತದೆ.

ಫಿನಾಯಿಲ್ಲಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ನಮ್ಮವರಿಗೆ ಫಿನಾಯಿಲ್ ವಾಸನೆ ಬಾರದ ನೆಲ ಶುದ್ಧವೆಂದೇ ತೋರದು. ಆದರೆ ಫಿನಾಲ್ ಜಾತಿಯ ದ್ರವ್ಯಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಅಂಗಾಲಿಗೆ ಅಂಟಿದ್ದನ್ನು ನೆಕ್ಕಿದರೆ ಅದು ವಿಷ. ಬೆಕ್ಕು ಆ ತೊಟ್ಟಿಯನ್ನು ದೂರವಿಡುವುದಕ್ಕೆ ಆ ವಾಸನೆಯೊಂದೇ ಸಾಕಾದ ಕಾರಣ. ವಾರಕ್ಕೊಮ್ಮೆ ಬಿಸಿನೀರು, ಸೌಮ್ಯವಾದ ಸಾಬೂನು, ಬಿಸಿಲು, ಇಷ್ಟು ಸಾಕು. ಹಾಸಿಗೆಯ ಕಲೆಗೆ ಅಮೋನಿಯ ಬೆರೆತ ದ್ರಾವಣ ಬೇಡ, ಮೂತ್ರದ ವಾಸನೆಗೂ ಅದಕ್ಕೂ ಹತ್ತಿರದ ನಂಟು. ಕಿಣ್ವಗಳಿರುವ ಶುಚಿದ್ರವ ದೊರೆಯುತ್ತದೆ, ಅದನ್ನು ನೆನೆಯುವಷ್ಟು ಸುರಿದು ಒಣಗಲು ಬಿಡಬೇಕು.

ಒದ್ದೆ ನೆಲದಲ್ಲಿಲ್ಲದೆ ಗೋಡೆಯ ಮೇಲೋ ಪರದೆಯ ಮೇಲೋ ಕಂಡರೆ ಮಾತು ಬೇರೆ. ಬೆಕ್ಕು ನಿಂತು, ಬಾಲವನ್ನು ನೆಟ್ಟಗೆತ್ತಿ ನಡುಗಿಸುತ್ತ ಚಿಮ್ಮುವುದು ಗಡಿ ಗುರುತಿಸುವ ಕ್ರಮ. ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದ ಗಂಡುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಇದನ್ನು ಬಿಡುತ್ತವೆ. ಪತ್ರದ ‘ಕಾವಲುಗಾರ’ನಿಗೆ ಶಸ್ತ್ರಕ್ರಿಯೆ ಆಗಿಲ್ಲವಾದರೆ, ಚಿಮ್ಮುವ ಮೊದಲೇ ಮಾಡಿಸುವುದು ಒಳ್ಳೆಯದು.

ಮುದಿ ಬೆಕ್ಕಿಗೆ ಕೆಲವು ವಾರಗಳ ಮಟ್ಟಿಗೆ ಒಂದು ಕೋಣೆ ಕೊಡಿ: ಅದರದೇ ನೀರು, ಅದರದೇ ಹಾಸು, ತಗ್ಗಂಚಿನ ತೊಟ್ಟಿ. ತೊಟ್ಟಿಯ ರೂಢಿ ಮರಳಿದ ಮೇಲೆ ದಿನಕ್ಕೆ ಕೊಂಚ ಹೊತ್ತು ಬಾಗಿಲು ತೆರೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಒದ್ದೆಯಾದ ದಿನಕ್ಕೊಂದು ಗುರುತು ಹಾಕಿ. ಗುರುತುಗಳು ವಿರಳವಾಗುವುದು ಹಿರಿಯರಿಗೂ ಕಾಣಲಿ.

ಉಳಿದುದು ಬಸುರಿಯ ವಿಚಾರ. ಹಿರಿಯರ ಭಯ ಆಧಾರವಿಲ್ಲದ್ದಲ್ಲ. ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿ ಬರುವುದುಂಟು. ಗರ್ಭದ ಶಿಶುವಿಗೆ ಅದು ಕೇಡು. ಆದರೆ ಹೊರಬಿದ್ದ ಮಲದಲ್ಲಿ ಅದು ಸೋಂಕುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದ ತೊಟ್ಟಿಯಿಂದ ಅಪಾಯ ಅಲ್ಪ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತರಕಾರಿ, ತೋಟದ ಮಣ್ಣು ಮುಟ್ಟಿದ ಕೈ, ಇವುಗಳ ವಿಚಾರದಲ್ಲೂ ಅಷ್ಟೇ ಎಚ್ಚರ ಬೇಕು. ಹೆರಿಗೆಯವರೆಗೆ ಸೊಸೆ ತೊಟ್ಟಿಯನ್ನು ಮುಟ್ಟುವುದು ಬೇಡ. ಗೋಣಿ ಹಿಡಿದು ಹೊಳೆಯವರೆಗೆ ನಡೆಯಲು ಸಿದ್ಧರಿದ್ದ ಮನೆಯ ಗಂಡಸರಿಗೆ, ಬೆಳಗ್ಗೆ ಸಂಜೆ ಬಾಲ್ಕನಿಯವರೆಗೆ ನಡೆಯುವುದು ಭಾರವಾಗಲಾರದು.