ಪಾಸ್‌ಪೋರ್ಟ್ ಕೇಳಲಿಲ್ಲ, ಬ್ಯಾಗ್ ಕೇಳಿದ್ರು

"ಜರ್ಮನಿಯಿಂದ ಸ್ವಿಟ್ಜರ್ಲೆಂಡ್ ಅಂದ್ರೆ ನಮ್ಮ ತುಮಕೂರಿಂದ ಹಿಂದೂಪುರಕ್ಕೆ ಹೋದಂಗೆ ಅಲ್ವೇನೋ?" ಉಪ್ಪಾರಹಳ್ಳಿಯಿಂದ ಅಮ್ಮ ಫೋನಲ್ಲಿ ಕೇಳಿದಾಗ ನಾನೂ ಹ್ಞೂಂ ಅಂದಿದ್ದೆ. ಜ್ಯೂರಿಕ್‌ನಲ್ಲಿರೋ ಚಿಕ್ಕಮ್ಮನ ಮಗಳ ಗೃಹಪ್ರವೇಶಕ್ಕೆ ಅಮ್ಮ ಕೊಟ್ಟಿದ್ದ ಜೋಡಿ ಬೆಳ್ಳಿ ದೀಪ ನನ್ನ ಬ್ಯಾಗಲ್ಲಿತ್ತು. ಬೆಲೆ ಸುಮಾರು 30 ಸಾವಿರ ರೂಪಾಯಿ.

ಸ್ಟುಟ್‌ಗಾರ್ಟ್‌ನಿಂದ ಹೊರಟ ರೈಲಲ್ಲಿ ಗಡಿ ಹತ್ತಿರ ಕಸ್ಟಮ್ಸ್‌ನವರು ಬಂದರು. "ಘೋಷಿಸೋ ಸಾಮಾನು ಏನಾದ್ರೂ ಇದೆಯಾ?" ಯೋಚಿಸದೆ "ಇಲ್ಲ" ಅಂದೆ. ಬ್ಯಾಗ್ ತೆಗೆಸಿದರು. ಇಡೀ ಬೋಗಿ ನನ್ನನ್ನೇ ನೋಡ್ತಿತ್ತು.

ನಾನು ಮರೆತಿದ್ದು ಇಷ್ಟೇ: ಷೆಂಗೆನ್ ಬೇರೆ, ಕಸ್ಟಮ್ಸ್ ಬೇರೆ. ಸ್ವಿಟ್ಜರ್ಲೆಂಡ್ 2008ರಲ್ಲೇ ಷೆಂಗೆನ್ ಸೇರಿದೆ, ಆದರೆ ಐರೋಪ್ಯ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲಿಲ್ಲ. ಜನ ದಾಟಿದಷ್ಟು ಸಲೀಸಾಗಿ ಸಾಮಾನು ದಾಟಲ್ಲ. 2025ರ ಜನವರಿ 1ರಿಂದ ಒಬ್ಬರಿಗೆ 150 ಫ್ರಾಂಕ್‌ವರೆಗಿನ ಸಾಮಾನಿಗಷ್ಟೇ ತೆರಿಗೆ ಇಲ್ಲ. ಮೊದಲು 300 ಇತ್ತು. ಮಿತಿ ದಾಟಿದರೆ ಪೂರ್ತಿ ಬೆಲೆ ಮೇಲೆ 8.1% ತೆರಿಗೆ. ನಾವು ಹಾಕ್ಕೊಂಡಿರೋ ಸರಕ್ಕಲ್ಲ, ಕೊಡೋಕೆ ಒಯ್ಯೋ ಉಡುಗೊರೆಗೆ. ಮೊದಲೇ ಹೇಳಿದ್ದರೆ ಇಪ್ಪತ್ತು ಚಿಲ್ಲರೆ ಫ್ರಾಂಕ್‌ಗೆ ಮುಗೀತಿತ್ತು. "ಇಲ್ಲ" ಅಂದಿದ್ದಕ್ಕೆ ದಂಡವೂ ಬಿತ್ತು. ಅಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ್ದ ಅಂಗಡಿ ಬಿಲ್ ಇದ್ದಿದ್ದರಿಂದ ಬೆಲೆಯ ಜಗಳವಾದರೂ ತಪ್ಪಿತು.

ನೀವೂ ಹೊರಟಿದ್ದೀರಾ? ಬಿಲ್ ಇಟ್ಕೊಳ್ಳಿ, ಕೇಳೋ ಮೊದಲೇ ಹೇಳಿ. ಪಾಸ್‌ಪೋರ್ಟ್, ನಿವಾಸ ಪರವಾನಗಿ ಕಾರ್ಡ್ ಎರಡೂ ಜೊತೆಗಿರಲಿ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿದೆ.

"ದೀಪ ಹಚ್ಚಿದ್ರೇನೋ?" ಅಂತ ಅಮ್ಮ ಕೇಳಿದ್ರು. "ಹ್ಞೂಂ ಅಮ್ಮ, ಚೆನ್ನಾಗಿ ಉರೀತು" ಅಂದೆ. ದಂಡದ ವಿಷಯ ಅವರಿಗೆ ಗೊತ್ತಾಗೋದು ಈ ಅಂಕಣ ಓದಿದ ಮೇಲೇನೇ.