ಶನಿಯ ಸಂಸಾರದ ಲೆಕ್ಕ



ಶನಿಗ್ರಹಕ್ಕೆ ಎಷ್ಟು ಚಂದ್ರರು ಎಂಬ ಪ್ರಶ್ನೆಗೆ ಮಗಳು 274 ಎಂದು ಬರೆದು, ಪುಸ್ತಕದಲ್ಲಿ ಹಾಗಿಲ್ಲವೆಂದು ಅಂಕ ಕಳಕೊಂಡಳಂತೆ. ಮನೆಯಲ್ಲಿ ತಂದೆಯೂ, "ಇದ್ದದ್ದನ್ನು ಬರೆಯೋದು ಬಿಟ್ಟು ಯಾಕೆ ಅಧಿಕಪ್ರಸಂಗ?" ಎಂದು ಗದರಿದರಂತೆ. ಅಂದಿನಿಂದ ಹುಡುಗಿ ತರಗತಿಯಲ್ಲಿ ಬಾಯೇ ಬಿಡುವುದಿಲ್ಲ, ಏನು ಮಾಡಲಿ ಎಂದು ಸೋದರಿಯೊಬ್ಬರು ಕೇಳಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗಳು ಓದಿಕೊಂಡೇ ಬರೆದಿದ್ದಾಳೆ. 2025ರ ಮಾರ್ಚಿನಲ್ಲಿ ಒಂದೇ ಸಲಕ್ಕೆ 128 ಹೊಸ ಚಂದ್ರರು ಸೇರಿ ಶನಿಯ ಲೆಕ್ಕ 274ಕ್ಕೆ ಏರಿತು. ಅದಕ್ಕೆ ಮೊದಲು ಅಚ್ಚಾದ ಪುಸ್ತಕದಲ್ಲಿ ಅದು ಇರುವುದಾದರೂ ಹೇಗೆ? ನಮ್ಮ ಅತ್ತೆಯವರಂತೂ ಕೇಳಿ, "ಅಯ್ಯೋ, ಒಬ್ಬನ ಏಳೂವರೆ ವರ್ಷವೇ ಸಾಕಾಗಿದೆ, ಇಷ್ಟು ಜನ ಬೇರೆಯಾ!" ಎಂದರು.

ಚಂದ್ರ ಎಂದ ಕೂಡಲೇ ಹುಣ್ಣಿಮೆಯ ಚಂದ್ರನಂತೆ ಎಣಿಸಬೇಡಿ. ಇವು ಬರೇ ಕೆಲವು ಕಿಲೋಮೀಟರ್ ಅಗಲದ ತುಂಡುಗಳು. ಶನಿಯಿಂದ ಒಂದು ಕೋಟಿ ಕಿಲೋಮೀಟರಿಗೂ ಆಚೆ ಇದ್ದು, ಒಂದು ಸುತ್ತು ಮುಗಿಸಲು ಕೆಲವಕ್ಕೆ ಎರಡು ಮೂರು ವರ್ಷ ಬೇಕು. ಕುದುರೆಮುಖದ ನೆತ್ತಿಯಲ್ಲಿ ಹಣತೆ ಹಚ್ಚಿಟ್ಟರೆ ಧರ್ಮಸ್ಥಳದ ನಮ್ಮ ಅಂಗಳಕ್ಕೆ ಕಂಡೀತೇ? ಇವು ಅದಕ್ಕಿಂತಲೂ ಮಂಕು.

ಮತ್ತೆ ಕಂಡದ್ದು ಹೇಗೆ ಅನ್ನುತ್ತೀರಾ? ಹವಾಯಿ ದ್ವೀಪದ ಬೆಟ್ಟದ ಮೇಲಿನ ದೊಡ್ಡ ದುರ್ಬೀನಿನಿಂದ ಗಂಟೆಗಟ್ಟಲೆ, ಒಂದಾದ ಮೇಲೊಂದು ಫೋಟೋ ತೆಗೆದರು. ಬಿಡಿಬಿಡಿಯಾಗಿ ನೋಡಿದರೆ ಏನೂ ಇಲ್ಲ. ಚಂದ್ರ ಸರಿಯುವ ವೇಗಕ್ಕೆ ತಕ್ಕಂತೆ ಪ್ರತಿ ಫೋಟೋವನ್ನೂ ಚೂರೇ ಚೂರು ಜರುಗಿಸಿ ಒಂದರ ಮೇಲೊಂದು ಕೂಡಿಸಿದಾಗ, ನಕ್ಷತ್ರಗಳೆಲ್ಲ ಗೀಟಾಗುತ್ತವೆ, ಚಂದ್ರ ಮಾತ್ರ ಚುಕ್ಕೆಯಾಗಿ ನಿಲ್ಲುತ್ತದೆ. 2019ರಿಂದ 2021ರವರೆಗೆ ಹೀಗೆ ಹುಡುಕಿ, 2023ರಲ್ಲಿ ಮತ್ತೆ ನೋಡಿ ಖಚಿತ ಮಾಡಿಕೊಂಡರು. ಅಕ್ಕಿಯಲ್ಲಿ ಕಲ್ಲು ಆರಿಸುವ ನಮಗೆ ಆ ತಾಳ್ಮೆ ಅರ್ಥವಾಗುತ್ತದೆ.

ಇನ್ನೊಂದು ಸೋಜಿಗ. ಇವುಗಳಲ್ಲಿ ಹೆಚ್ಚಿನವು ಅಪ್ರದಕ್ಷಿಣೆ ಹಾಕುತ್ತವೆ, ಅಂದರೆ ಶನಿ ತಿರುಗುವುದಕ್ಕೆ ಎದುರು ದಿಕ್ಕಿನಲ್ಲಿ. ಶನಿಯೊಂದಿಗೇ ಹುಟ್ಟಿದ್ದರೆ ಹೀಗೆ ಸುತ್ತುತ್ತಿರಲಿಲ್ಲ. ಎಲ್ಲೋ ಅಲೆಯುತ್ತಿದ್ದವನ್ನು ಶನಿ ಸೆಳೆದುಕೊಂಡಿತು, ಆಮೇಲೆ ಡಿಕ್ಕಿಯಾಗಿ ಪುಡಿಯಾದವು ಎನ್ನುತ್ತಾರೆ ಬಲ್ಲವರು. 1899ರಲ್ಲಿ ಸಿಕ್ಕಿದ ಫೀಬೆಯೂ ಇದೇ ಜಾತಿಯದು. ಸುಮಾರು 200 ಕಿಲೋಮೀಟರ್ ದಪ್ಪವಿದ್ದುದರಿಂದ ಆಗಿನ ಫೋಟೋದಲ್ಲೇ ಸಿಕ್ಕಿಬಿತ್ತು.

ಸೋದರಿ, ಲೆಕ್ಕ ಇನ್ನೂ ಬೆಳೆಯುವಂಥದ್ದು. ಆದ್ದರಿಂದ ಸಂಖ್ಯೆಯ ಪಕ್ಕದಲ್ಲಿ ಇಸವಿಯನ್ನೂ ಬರೆಯಲು ಮಗಳಿಗೆ ಹೇಳಿ. ನೀವೇ ಒಮ್ಮೆ ಶಾಲೆಗೆ ಹೋಗಿ ಬನ್ನಿ, ಜಗಳಕ್ಕಲ್ಲ. ಅಂಕ ಹೋದರೆ ಹೋಗಲಿ, "ಇವಳು ಓದಿದ್ದನ್ನು ಹತ್ತು ನಿಮಿಷ ತರಗತಿಗೆ ಹೇಳಲಿ ಟೀಚರ್" ಎಂದು ಕೇಳಿ. ಯಜಮಾನರಿಗೆ ರಾತ್ರಿ ಊಟ ಬಡಿಸುವಾಗ ಈ ಪುಟ ಓದಿ ಹೇಳಿದರಾಯಿತು.