ಶಸ್ತ್ರಕ್ರಿಯೆ ಕಲಿಯುವ ಯಂತ್ರಕ್ಕೆ ಫೀಸು ಕಟ್ಟುವವರು ಯಾರು?

ಡಾಬಕಾ, ಔರಾದ, ಭಾಲ್ಕಿಯ ಕಡೆ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ವೈದ್ಯರು ಹೇಳಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಹೊಟ್ಟೆ ಕೊಯ್ದು ಮಾಡುತ್ತೀರೋ, ದುರ್ಬೀನಿನಿಂದಲೋ?’ ಎಂಬುದು. ದುರ್ಬೀನಿನ ಆಪರೇಷನ್ ಎಂದರೆ ಲ್ಯಾಪರೋಸ್ಕೋಪಿ. ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ರಂಧ್ರ ಮಾಡುತ್ತಾರೆ. ಒಂದರಿಂದ ಕ್ಯಾಮೆರಾ, ಉಳಿದವುಗಳಿಂದ ನೀಳವಾದ ಸಲಕರಣೆಗಳು ಒಳಗಿಳಿಯುತ್ತವೆ. ವೈದ್ಯರು ಟಿ.ವಿ. ಪರದೆಯನ್ನು ನೋಡುತ್ತ ಕೆಲಸ ಮಾಡುತ್ತಾರೆ. ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಇದು ಈಗ ನಿತ್ಯದ ಕೆಲಸ. ಎಲ್ಲ ಸರಿಯಾಗಿ ನಡೆದರೆ ರೋಗಿ ಒಂದೆರಡು ದಿನಗಳಲ್ಲಿ ಮನೆಯಲ್ಲಿರುತ್ತಾನೆ.

ಆದರೆ ಈ ನಿತ್ಯದ ಕೆಲಸದಲ್ಲೂ ಒಂದು ಅಪಾಯದ ತಿರುವು ಉಂಟು. ಪಿತ್ತಕೋಶದಿಂದ ಹೊರಡುವ ಸಣ್ಣ ನಾಳವನ್ನು ಕತ್ತರಿಸಬೇಕು. ಅದರ ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಮುಖ್ಯ ನಾಳವಿದೆ, ಅದನ್ನು ಮುಟ್ಟಲೇಬಾರದು. ಬಾವು ಬಂದು ಅಂಗಾಂಶಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ. ಇಂಥ ಸಾವಿರ ಶಸ್ತ್ರಕ್ರಿಯೆಗಳಲ್ಲಿ ಮೂರರಿಂದ ಐದರಲ್ಲಿ ಮುಖ್ಯ ಪಿತ್ತನಾಳಕ್ಕೆ ಗಾಯವಾಗುತ್ತದೆ ಎಂಬ ಅಂದಾಜಿದೆ. ಸಂಖ್ಯೆ ಚಿಕ್ಕದಾಗಿ ಕಾಣಬಹುದು. ಆ ಮೂರು ಮಂದಿಗೆ ಅದು ಮತ್ತೆ ಮತ್ತೆ ಆಪರೇಷನ್, ವರ್ಷಗಟ್ಟಲೆ ಅನಾರೋಗ್ಯ. ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ.

ಈ ತಿರುವಿನಲ್ಲಿ ವೈದ್ಯರಿಗೆ ನೆರವಾಗಲೆಂದೇ ಕೃತಕ ಬುದ್ಧಿಮತ್ತೆಯ ಒಂದು ಶಾಖೆ ಬೆಳೆಯುತ್ತಿದೆ. ಕೆನಡಾದ ಟೊರೊಂಟೊದ ಸಂಶೋಧಕರು ರೂಪಿಸಿದ ‘ಗೋನೋಗೋನೆಟ್’ ಎಂಬ ಗಣಕ ವ್ಯವಸ್ಥೆ ಪರದೆಯ ಚಿತ್ರದ ಮೇಲೆಯೇ ಬಣ್ಣ ಹಚ್ಚುತ್ತದೆ: ಹಸಿರಿದ್ದಲ್ಲಿ ಕೈಯಾಡಿಸಬಹುದು, ಕೆಂಪಿದ್ದಲ್ಲಿ ಬೇಡ. ಕತ್ತರಿ ಹಿಡಿದಿರುವವರು ವೈದ್ಯರೇ; ಯಂತ್ರ ಪಕ್ಕದಲ್ಲಿ ನಿಂತ ಎಚ್ಚರಿಕೆಯ ಜತೆಗಾರ, ಅಷ್ಟೆ.

ಗಣಕಕ್ಕೆ ಈ ಬುದ್ಧಿ ಬರುವುದು ಹೇಗೆ? ಬಿಡಿಸಿಟ್ಟ ಮಾದರಿ ಲೆಕ್ಕಗಳನ್ನು ನೋಡಿ ನೋಡಿ ವಿದ್ಯಾರ್ಥಿ ಹೊಸ ಲೆಕ್ಕ ಬಿಡಿಸಲು ಕಲಿಯುವ ಹಾಗೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ವಿಜ್ಞಾನಿಗಳು 2016ರಲ್ಲಿ ‘ಕೋಲೆಕ್80’ ಎಂಬ ಸಂಗ್ರಹವನ್ನು ಸಂಶೋಧಕರಿಗೆ ಒದಗಿಸಿದರು. ಅದರಲ್ಲಿರುವುದು 13 ಶಸ್ತ್ರವೈದ್ಯರು ಮಾಡಿದ 80 ಪಿತ್ತಕೋಶದ ಆಪರೇಷನ್‌ಗಳ ವಿಡಿಯೊ. ಪ್ರತಿಯೊಂದನ್ನೂ ಏಳು ಹಂತಗಳಾಗಿ ವಿಂಗಡಿಸಿ, ಯಾವ ಕ್ಷಣದಲ್ಲಿ ಯಾವ ಸಲಕರಣೆ ಕಾಣುತ್ತಿದೆ ಎಂದು ಗುರುತು ಹಾಕಲಾಗಿದೆ. ಜಗತ್ತಿನ ನೂರಾರು ಸಂಶೋಧಕರು ಇಂದಿಗೂ ಆ 80 ವಿಡಿಯೊಗಳ ಮೇಲೆಯೇ ತಮ್ಮ ಯಂತ್ರಗಳನ್ನು ಪಳಗಿಸುತ್ತಾರೆ.

ಈಗ ಹಣದ ಮಾತು. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಆಪರೇಷನ್ 40 ನಿಮಿಷ. ವಿಡಿಯೊದಲ್ಲಿ ಸೆಕೆಂಡಿಗೆ 25 ಚಿತ್ರ. ಒಟ್ಟು 60 ಸಾವಿರ ಚಿತ್ರಗಳಾದವು. ಅಷ್ಟೂ ಬೇಡ, ಸೆಕೆಂಡಿಗೆ ಒಂದೇ ಸಾಕೆಂದರೂ 2,400 ಉಳಿಯುತ್ತವೆ. ಒಂದೊಂದರಲ್ಲೂ ನಾಳ ಯಾವುದು, ರಕ್ತನಾಳ ಯಾವುದು ಎಂದು ಗೆರೆ ಎಳೆಯಲು ಎರಡು ನಿಮಿಷ ಹಿಡಿದರೆ 80 ಗಂಟೆ. ಇದು ಒಂದೇ ಒಂದು ಆಪರೇಷನ್ನಿನ ಪಾಠ. ಗೆರೆ ಎಳೆಯುವವರು, ಕಡೇಪಕ್ಷ ಅದನ್ನು ಪರೀಕ್ಷಿಸುವವರು, ನುರಿತ ಶಸ್ತ್ರವೈದ್ಯರೇ ಆಗಿರಬೇಕು. ವಾರ್ಡಿನ ಮುಂದೆ ಸಾಲುಗಟ್ಟಿದ ರೋಗಿಗಳನ್ನು ಬಿಟ್ಟು ಅವರು ಗಣಕದ ಮುಂದೆ ಕೂರಬೇಕಾದರೆ ಆ ಹೊತ್ತಿನ ಬೆಲೆಯನ್ನು ಯಾರಾದರೂ ತೆರಲೇಬೇಕು. ‘ಎ.ಐ.ಗೆ ಕೋಟಿ ಕೋಟಿ’ ಎಂಬ ಸುದ್ದಿ ಓದಿದಾಗ ನಮ್ಮ ಕಣ್ಣ ಮುಂದೆ ಬರುವುದು ಮಿನುಗುವ ಯಂತ್ರ. ನಿಜವಾದ ಖರ್ಚಿನ ದೊಡ್ಡ ಭಾಗ ಇಂಥ ಬೇಸರದ ದುಡಿಮೆಗೆ ಮತ್ತು ಆಮೇಲೆ ಬರುವ ರೋಗಿಗಳ ಮೇಲಿನ ಪರೀಕ್ಷೆಗೆ ಹೋಗುತ್ತದೆ.

ಇಂಥ ಹಣವನ್ನು ಮೊದಲು ಹಾಕಿದವರು ವ್ಯಾಪಾರಿಗಳಲ್ಲ. ಹೆಸರಾಂತ ‘ಡಾ ವಿಂಚಿ’ ರೋಬಾಟನ್ನೇ ನೋಡಿ. ಅದರ ಬೇರು ಅಮೆರಿಕದ ಎಸ್.ಆರ್.ಐ. ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದ ಕೊನೆಗೆ ಆರಂಭವಾದ ಕೆಲಸದಲ್ಲಿದೆ. ರಣರಂಗದಲ್ಲಿ ಗಾಯಗೊಂಡ ಸೈನಿಕನಿಗೆ ದೂರದಲ್ಲಿ ಕುಳಿತ ವೈದ್ಯ ಆಪರೇಷನ್ ಮಾಡಬಹುದೇ ಎಂಬ ಆಸೆಯಿಂದ ಅಲ್ಲಿನ ರಕ್ಷಣಾ ಇಲಾಖೆ ಅದಕ್ಕೆ ಹಣ ಕೊಟ್ಟಿತು. 1995ರಲ್ಲಿ ‘ಇಂಟ್ಯೂಟಿವ್ ಸರ್ಜಿಕಲ್’ ಕಂಪನಿ ಹುಟ್ಟಿ ಆ ತಂತ್ರಜ್ಞಾನವನ್ನು ಮುಂದೊಯ್ದಿತು. 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ರಣರಂಗದ ಕನಸು ಅಲ್ಲಿಗೇ ಉಳಿಯಿತು, ಯಂತ್ರ ಆಸ್ಪತ್ರೆಗಳಿಗೆ ಬಂತು. ಸೋಲುವ ಸಂಭವವೇ ಹೆಚ್ಚಾಗಿದ್ದ ದಿನಗಳಲ್ಲಿ ಸರ್ಕಾರದ ಹಣ, ಗೆಲ್ಲುವ ಲಕ್ಷಣ ಕಂಡಮೇಲೆ ಷೇರುದಾರರ ಹಣ! ಇಷ್ಟಕ್ಕೂ ಡಾ ವಿಂಚಿ ಸ್ವಂತ ಬುದ್ಧಿಯಿಂದ ಆಪರೇಷನ್ ಮಾಡುವುದಿಲ್ಲ. ವೈದ್ಯರ ಕೈ ಚಲನೆಯನ್ನು ಅನುಸರಿಸುತ್ತದೆ. ತಾನೇ ಹೊಲಿಗೆ ಹಾಕುವ ರೋಬಾಟಿನ ಪ್ರಯೋಗ ಬೇರೆಯೇ ಇದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ‘ಸ್ಟಾರ್’ ರೋಬಾಟ್ ಹಂದಿಗಳ ಕರುಳನ್ನು ಹೊಲಿದ ವರದಿ 2022ರಲ್ಲಿ ಪ್ರಕಟವಾಯಿತು.

ನಮ್ಮಲ್ಲಿ? ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯಡಿ 2012ರಲ್ಲಿ ಸ್ಥಾಪನೆಯಾದ ‘ಬೈರಾಕ್’ ಸಂಸ್ಥೆ, ಹೊಸ ಕಲ್ಪನೆಯೊಂದನ್ನು ಮಾದರಿಯಾಗಿಸಲು 50 ಲಕ್ಷ ರೂಪಾಯಿವರೆಗೆ ಅನುದಾನ ನೀಡುವ ಯೋಜನೆ ನಡೆಸುತ್ತ ಬಂದಿದೆ. ಕರ್ನಾಟಕ ಸರ್ಕಾರ 2017ರಲ್ಲಿ ಆರಂಭಿಸಿದ ‘ಎಲಿವೇಟ್’ ಯೋಜನೆಯ ಗರಿಷ್ಠ ಮೊತ್ತವೂ 50 ಲಕ್ಷವೇ. 2018ರಲ್ಲಿ ಕೇಂದ್ರ ಸಂಪುಟ ಒಪ್ಪಿದ 3,660 ಕೋಟಿ ರೂಪಾಯಿಯ ರಾಷ್ಟ್ರೀಯ ಯೋಜನೆಯಿಂದ ದೇಶದಲ್ಲಿ 25 ಕೇಂದ್ರಗಳು ಹುಟ್ಟಿಕೊಂಡವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಆರ್ಟ್‌ಪಾರ್ಕ್’ ಅವುಗಳಲ್ಲೊಂದು. ಕೃತಕ ಬುದ್ಧಿಮತ್ತೆ ಮತ್ತು ರೋಬಾಟ್‌ಗಳೇ ಅದರ ವಿಷಯ. ರಾಜ್ಯ ಸರ್ಕಾರವೂ ಅದಕ್ಕೆ ತನ್ನ ಪಾಲು ಸೇರಿಸಿತು. 2024ರ ಮಾರ್ಚ್‌ನಲ್ಲಿ ಬಂದದ್ದು ಸುಮಾರು 10,372 ಕೋಟಿಯ ‘ಇಂಡಿಯಾ ಎ.ಐ. ಮಿಷನ್’.

ಹಣ ಇಲ್ಲವೆನ್ನುವಂತಿಲ್ಲ. ಆದರೆ 50 ಲಕ್ಷದಲ್ಲಿ ಮೇಜಿನ ಮೇಲೆ ಓಡುವ ಮಾದರಿ ಸಿದ್ಧವಾದೀತು. ಹಲವು ಆಸ್ಪತ್ರೆಗಳಲ್ಲಿ ನೂರಾರು ರೋಗಿಗಳ ಮೇಲೆ ಪರೀಕ್ಷಿಸಿ, ವೈದ್ಯಕೀಯ ಸಾಧನಗಳ ನಿಯಮದಂತೆ ಒಪ್ಪಿಗೆ ಪಡೆಯುವುದು ಅಷ್ಟರಲ್ಲಿ ಆಗುವ ಮಾತಲ್ಲ. ಬಂಡವಾಳಗಾರ ಕೆಲವೇ ವರ್ಷಗಳಲ್ಲಿ ಲಾಭ ಕೇಳುತ್ತಾನೆ. ಅವನ ದೃಷ್ಟಿಯಲ್ಲಿ ಅದು ನ್ಯಾಯವೇ. ಆದರೆ ಗಾಯವಾದ ನಾಳಗಳ ಸಂಖ್ಯೆ ಸಾವಿರಕ್ಕೆ ನಾಲ್ಕರಿಂದ ಎರಡಕ್ಕೆ ಇಳಿಯಿತೆಂದು ಸಾಧಿಸಿ ತೋರಿಸಲು ಎಷ್ಟು ಸಾವಿರ ಆಪರೇಷನ್‌ಗಳನ್ನು ಗಮನಿಸಬೇಕು ಎಂಬುದನ್ನು ಸಂಖ್ಯಾಶಾಸ್ತ್ರ ಓದಿದವರನ್ನೇ ಕೇಳಬೇಕು. ಈ ನಡುವಿನ ವರ್ಷಗಳಿಗೆ ಅವಸರವಿಲ್ಲದ ಹಣ ಬೇಕು.

ಅಂಥ ಹಣಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. 2022ರ ಫೆಬ್ರುವರಿಯಲ್ಲಿ ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ಭಾರತೀಯ ವಿಜ್ಞಾನ ಸಂಸ್ಥೆಗೆ 425 ಕೋಟಿ ರೂಪಾಯಿ ನೀಡುವುದಾಗಿ ಘೋಷಿಸಿದರು. ಉದ್ದೇಶ, 800 ಹಾಸಿಗೆಗಳ ಆಸ್ಪತ್ರೆ ಮತ್ತು ಅದರೊಡನೆ ಸ್ನಾತಕೋತ್ತರ ವೈದ್ಯಕೀಯ ಶಾಲೆ. ಎಂಜಿನಿಯರು ಮತ್ತು ಶಸ್ತ್ರವೈದ್ಯ ಒಂದೇ ಆವರಣದಲ್ಲಿ ಓಡಾಡಬೇಕು ಎಂಬುದೇ ಅಲ್ಲಿನ ಮೂಲ ಆಲೋಚನೆ. ಈ ಸಂಸ್ಥೆ ಹುಟ್ಟಿದ್ದೂ ಹೀಗೆಯೇ: ಜಮಶೇಟ್‌ಜಿ ಟಾಟಾ ಅವರ ಹಣ, ಮೈಸೂರು ಸಂಸ್ಥಾನ 1907ರಲ್ಲಿ ಕೊಟ್ಟ 371 ಎಕರೆ ನೆಲ.

371 ಎಂಬ ಸಂಖ್ಯೆ ಬೀದರ್ ಜಿಲ್ಲೆಯ ಮಕ್ಕಳಿಗೆ ಬೇರೆ ಕಾರಣಕ್ಕೆ ಪರಿಚಿತ. ಸಂವಿಧಾನದ 371 (ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಬಂದಿತು. ಅದರ ನೆನಪಿಗೆಂದೇ ಕಲಬುರಗಿಯ ಹೊಸ ಜಯದೇವ ಹೃದ್ರೋಗ ಆಸ್ಪತ್ರೆಗೆ 371 ಹಾಸಿಗೆ. 2024ರ ಡಿಸೆಂಬರಿನಲ್ಲಿ ಅದು ಉದ್ಘಾಟನೆಯಾಯಿತು. ಹಾಸಿಗೆ ಬಂದದ್ದು ದೊಡ್ಡ ಸಂಗತಿ, ಅದನ್ನು ಲಘುವಾಗಿ ಕಾಣಬಾರದು. ಆದರೆ ಕಟ್ಟಡ, ಹಾಸಿಗೆ, ಯಂತ್ರಗಳ ಲೆಕ್ಕ ಬರೆಯುವ ಅಂದಾಜುಪಟ್ಟಿಗಳಲ್ಲಿ ಯಂತ್ರಕ್ಕೆ ಪಾಠ ಹೇಳುವ ಖರ್ಚಿಗೆ ಒಂದು ಸಾಲೂ ಇರುವುದು ಅಪರೂಪ.

ಆ ಸಾಲು ಬೇಕೆನ್ನಲು ಕಾರಣವಿದೆ. ಒಂದು ಆಸ್ಪತ್ರೆಯ ವಿಡಿಯೊಗಳಿಂದ ಕಲಿತ ಗಣಕವನ್ನು ಇನ್ನೊಂದು ಆಸ್ಪತ್ರೆಗೆ ತಂದರೆ ಅದರ ಅಂಕಗಳು ಇಳಿಯುವುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಕ್ಯಾಮೆರಾ ಬೇರೆ, ಬೆಳಕು ಬೇರೆ, ವೈದ್ಯರ ಕೈವರಸೆ ಬೇರೆ. ರೋಗಿಯೂ ಬೇರೆ. ಹೊಲದ ಕೆಲಸ ಮುಗಿಯಲಿ, ತೊಗರಿ ರಾಶಿ ಆಗಲಿ ಎಂದು ತಿಂಗಳುಗಟ್ಟಲೆ ನೋವು ನುಂಗಿಕೊಂಡು ಕೊನೆಗೆ ಬಸ್ ಹತ್ತಿದವನ ಪಿತ್ತಕೋಶ, ನೋವು ಬಂದ ವಾರದಲ್ಲೇ ಸ್ಕ್ಯಾನ್ ಮಾಡಿಸಿಕೊಂಡವನದರ ಹಾಗೆ ಇರುವುದಿಲ್ಲ. ಅದು ಬಾವು ಬಂದು ಅಂಟಿಕೊಂಡಿರುತ್ತದೆ. ಎಚ್ಚರಿಕೆಯ ಜತೆಗಾರ ಹೆಚ್ಚು ಬೇಕಾದದ್ದು ಅವನಿಗೇ. ಯಂತ್ರ ಅತಿ ಕಡಿಮೆ ನೋಡಿರುವುದೂ ಅವನಂಥವರನ್ನೇ. 2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಜಿಲ್ಲಾ ಬೋಧನಾ ಆಸ್ಪತ್ರೆಗಳ ಶಸ್ತ್ರಕ್ರಿಯೆಗಳು ಆ ಪಾಠದ ಪುಸ್ತಕದಲ್ಲಿ ಸೇರದಿದ್ದರೆ, ನಾಳೆ ಕೊಂಡು ತರುವ ಯಂತ್ರ ಪರೀಕ್ಷೆಗೆ ಬೇರೆ ಊರಿನ ಗೈಡು ಓದಿಕೊಂಡು ಬಂದಂತೆ.

ಪೋಷಕರಿಗೂ ಇಲ್ಲಿ ಒಂದು ಮಾತುಂಟು. ಬೀದರ್ ಇಂದು ನೀಟ್ ತರಬೇತಿಗೆ ದೂರದವರೆಗೆ ಹೆಸರಾದ ಊರು. ಒಂದು ಎಂ.ಬಿ.ಬಿ.ಎಸ್. ಸೀಟಿಗಾಗಿ ಹೊಲ ಮಾರಲೂ ಸಿದ್ಧರಾದ ತಂದೆ-ತಾಯಿ, ಪಿ.ಯು.ಸಿ.ಯಲ್ಲಿ ಮಗ ಅಥವಾ ಮಗಳು ಗಣಿತ ಉಳಿಸಿಕೊಳ್ಳುತ್ತೇನೆ ಎಂದಾಗ ‘ಡಾಕ್ಟರಿಗೆ ಗಣಿತ ಏಕೆ?’ ಎಂದು ಕೇಳುತ್ತಾರೆ. ಮೇಲೆ ಹೇಳಿದ ಯಾವ ಕೆಲಸದಲ್ಲೂ ಡಾಕ್ಟರೊಬ್ಬರೇ ಇಲ್ಲ. ಚಿತ್ರದ ಅಂಚು ಗುರುತಿಸುವ ವಿಧಾನ ಬರೆದವರು ಎಂಜಿನಿಯರುಗಳು, ಪರೀಕ್ಷೆಗೆ ಎಷ್ಟು ರೋಗಿಗಳು ಸಾಕೆಂದು ಹೇಳುವವರು ಸಂಖ್ಯಾಶಾಸ್ತ್ರಜ್ಞರು. ನಾಲ್ಕು ವಿಷಯ ಹೊರುವ ಮಗುವಿಗೆ ಭಾರ ಹೆಚ್ಚು, ನಿಜ; ಬಾಗಿಲೂ ಹೆಚ್ಚು.

ವಿಡಿಯೊ ಕೊಡುವುದಕ್ಕೆ ರೋಗಿಯ ಒಪ್ಪಿಗೆ ಬೇಕು. ಕೃತಕ ಬುದ್ಧಿಮತ್ತೆಯ ವೈದ್ಯಕೀಯ ಬಳಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿ ಇದನ್ನು ಒತ್ತಿ ಹೇಳುತ್ತದೆ. ಹೆಸರು, ಮುಖ ಯಾವುದೂ ಕಾಣದಂತೆ ಅಳಿಸಿದ ಮೇಲೂ, ತನ್ನ ಹೊಟ್ಟೆಯೊಳಗಿನ ಚಿತ್ರ ಎಲ್ಲಿಗೆ ಹೋಗುತ್ತದೆ, ಯಾರು ಅದರಿಂದ ಹಣ ಗಳಿಸಬಹುದು ಎಂದು ರೋಗಿಗೆ ತಿಳಿಯಬೇಕು. ಡಾಬಕಾದ ಕಡೆಯಿಂದ ಬಂದ ರೋಗಿಗಳಲ್ಲಿ ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಮರಾಠಿ, ಮತ್ತೊಬ್ಬರದು ಉರ್ದು. ಒಪ್ಪಿಗೆಯ ಚೀಟಿ ಮೂರರಲ್ಲೂ ಇರಬೇಕು. ಓದು ಬಾರದವರಿಗೆ ಕೂತು ಬಿಡಿಸಿ ಹೇಳುವ ಒಬ್ಬರು ಇರಬೇಕು. ಅನುದಾನದ ಅರ್ಜಿ ಬರೆಯುವಾಗ ಅವರ ಸಂಬಳವನ್ನೂ ಖರ್ಚಿನ ಪಟ್ಟಿಗೆ ಸೇರಿಸಬೇಕಾಗುತ್ತದೆ.